ಚಂಡಿಯಾದರೆ ಕೂಗುವ ಪಟ್ಟಿ

ಅಥವಾ ಅದು ಹೊಗೆಯಲ್ಲ, ಸಾಬೂನು ಇರಬಹುದು. ಇಷ್ಟು ಕಾಲ ಹೊಗೆ ಎಂದೇ ಹೇಳಿಕೊಂಡು ಬಂದೆ. ಸೆಮಿನಾರುಗಳಲ್ಲಿ ಹೇಳಿದೆ, ನಿವೃತ್ತಿಯ ದಿನ ಮೈಕಿನ ಮುಂದೆ ನಿಂತು ಹೇಳಿದೆ, ಜನ ನಕ್ಕರು, ಚಪ್ಪಾಳೆ ತಟ್ಟಿದರು. ಹೇಳಿ ಹೇಳಿ ಆ ಪ್ರಸಂಗದ ಮೂಲೆಗಳೆಲ್ಲ ಸವೆದು ನುಣುಪಾಗಿವೆ. ನುಣುಪಾದ ನೆನಪನ್ನು ನಾನು ನಂಬುವವಳಲ್ಲ. ಪ್ರಯೋಗಾಲಯದಲ್ಲಿ ಎಲ್ಲ ಬಿಂದುಗಳೂ ಒಂದೇ ಗೆರೆಯ ಮೇಲೆ ಬಂದು ಕೂತರೆ ಸಂತೋಷಪಡುವ ಮೊದಲು ತಂತಿ ಎಲ್ಲಿಯಾದರೂ ತಾಗಿಕೊಂಡಿದೆಯೇ ಎಂದು ನೋಡುತ್ತಿದ್ದೆ. ನೆನಪಿಗೂ ಅದೇ ನಿಯಮ ಇರಲಿ.

ಸೆನ್ಸರ್ ಮಾಡುವ ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯಿರಿ ಎಂದು ಕೇಳಿದ್ದಾರೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ನಿಮಗೇನೂ ಲಾಭವಿಲ್ಲ. ಕೆಟ್ಟುಹೋದ ಪಟ್ಟಿಗಳ ಬಗ್ಗೆ ಹೇಳಿದರೆ ಏನಾದರೂ ಉಪಯೋಗವಾದೀತು.

ಪುತ್ತೂರಿನ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದೆ. ಪಾಠವಿಲ್ಲದ ಹೊತ್ತೆಲ್ಲ ಹಿಂದಿನ ಕಟ್ಟಡದ ಪ್ರಯೋಗಾಲಯದಲ್ಲಿ ತೇವ ಅಳೆಯುವ ಪಟ್ಟಿಗಳನ್ನು ಮಾಡುತ್ತಿದ್ದೆ. ಪೇಟೆಯಲ್ಲಿ ಸಿಗುವ ಸೆನ್ಸರ್ ಗಟ್ಟಿಯಾದ ಪುಟ್ಟ ಡಬ್ಬಿಯಂತೆ ಇರುತ್ತದೆ. ನನಗೆ ಬಟ್ಟೆಯಂತೆ ಬಾಗುವಂಥದ್ದು ಬೇಕಿತ್ತು, ಅದೂ ನಮ್ಮ ಸುತ್ತಮುತ್ತಲಿನ ವಸ್ತುಗಳಿಂದ. ಬಾಳೆದಿಂಡಿನ ನಾರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬಿಳುಪು ಮಾಡಿ, ಅರೆದು ಗಂಜಿಯ ಹದಕ್ಕೆ ತರುವುದು. ತೆಂಗಿನ ಕರಟ ಸುಟ್ಟ ಇದ್ದಿಲನ್ನು ನುಣ್ಣಗೆ ಪುಡಿಮಾಡಿ ಅದರಲ್ಲಿ ಬೆರೆಸುವುದು. ಒಣಗಿದ ಮೇಲೆ ಮುರಿಯದಿರಲಿ ಎಂದು ಸ್ವಲ್ಪ ಗ್ಲಿಸರಿನ್. ಗಾಜಿನ ಮೇಲೆ ತೆಳುವಾಗಿ ಹರಡಿ ಒಣಗಿಸಿದರೆ ಕಪ್ಪು ಹಾಳೆ ಸಿದ್ಧ. ಪಟ್ಟಿಯಾಗಿ ಕತ್ತರಿಸಿ ಎರಡೂ ತುದಿಗೆ ತಾಮ್ರದ ತಂತಿ ಅಂಟಿಸಿದರೆ ಮುಗಿಯಿತು. ನಾರು ಗಾಳಿಯಲ್ಲಿರುವ ತೇವ ಹೀರಿ ಉಬ್ಬುತ್ತದೆ. ಉಬ್ಬಿದಾಗ ಇದ್ದಿಲಿನ ಕಣಗಳು ಒಂದರಿಂದೊಂದು ದೂರ ಸರಿಯುತ್ತವೆ, ವಿದ್ಯುತ್ತಿಗೆ ಹಾದುಹೋಗಲು ಕಷ್ಟವಾಗುತ್ತದೆ. ಆ ಕಷ್ಟವನ್ನು ಅಳೆದರೆ ತೇವ ಎಷ್ಟೆಂದು ತಿಳಿಯುತ್ತದೆ. ಇಡೀ ವಿಜ್ಞಾನ ಇಷ್ಟೇ. ಉಳಿದದ್ದೆಲ್ಲ ಜಗಳ.

ಜಗಳ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಶೆಟ್ರ ಜೊತೆ. ಅವರು ಹಳೆಯ ಕಾಲದ ಶಿಸ್ತಿನವರು, ದಪ್ಪ ಕನ್ನಡಕದವರು, ಗಾಜಿನ ಮೇಲೆ ನನ್ನ ಕಪ್ಪು ಹಾಳೆ ಕಂಡಾಗಲೆಲ್ಲ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು:

“ಹಪ್ಪಳ ಒಣಗಿತಾ ಮಾರಾಯ್ತಿ?”

“ಒಣಗ್ತಾ ಉಂಟು ಸರ್.”

“ಮತ್ತೆ ಇದು ಯಾರಿಗೆ ಬೇಕು ಹೇಳಿ. ಹಪ್ಪಳ ಆದ್ರೆ ತಿನ್ನಲಿಕ್ಕಾದ್ರೂ ಆಗ್ತದೆ.”

ಇದು ಯಾರಿಗೆ ಬೇಕು ಎಂಬ ಪ್ರಶ್ನೆ ಆಗ ನನಗೆ ಕುಹಕದಂತೆ ಕೇಳುತ್ತಿತ್ತು. ಈಗ ಅನಿಸುತ್ತದೆ, ಆ ಕಟ್ಟಡದಲ್ಲಿ ಯಾರಾದರೂ ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ.

ಶೆಟ್ರು ಒಮ್ಮೆ ಮಾತ್ರ ನನ್ನ ಪಟ್ಟಿಯನ್ನು ಮನಸಾರೆ ಹೊಗಳಿದ್ದರು. ಅದು ನಮ್ಮ ಅತಿ ದೊಡ್ಡ ಎಡವಟ್ಟಿನ ದಿನ. ಪಟ್ಟಿ ಸರಿಯಾಗಿ ಅಳೆಯುತ್ತದೆಯೇ ಎಂದು ನೋಡಲು ನಾವು ಒಂದು ಹಳೆಯ ಉಪಾಯ ಮಾಡುತ್ತಿದ್ದೆವು. ನೀರಿಗೆ ಇನ್ನು ಕರಗದು ಎನ್ನುವಷ್ಟು ಅಡುಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟು ಮುಚ್ಚಿದರೆ, ಒಳಗಿನ ಗಾಳಿಯ ತೇವ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಬೇರೆ ಬೇರೆ ಉಪ್ಪಿಗೆ ಬೇರೆ ಬೇರೆ ಮಟ್ಟ. ಗಾಜಿನ ಭರಣಿಗಳು ಸಾಲದೆ ನಾನು ಮನೆಯಿಂದ ಕೆಲವನ್ನು ತಂದಿದ್ದೆ. ಅದರಲ್ಲೊಂದರ ಪಟ್ಟಿ ಅದ್ಭುತವಾಗಿ ವರ್ತಿಸಿತು: ಅಲುಗಾಟವಿಲ್ಲ, ಏರಿಳಿತವಿಲ್ಲ, ಯಾವ ಭರಣಿಗೆ ಹಾಕಿದರೂ ಒಂದೇ ಉತ್ತರ. “ನೋಡಿ, ಸ್ಥಿರತೆ ಅಂದ್ರೆ ಇದು” ಎಂದು ಶೆಟ್ರು ಪ್ರಿನ್ಸಿಪಾಲರನ್ನೇ ಕರೆತಂದರು. ನಾನು ಪಟ್ಟಿಯನ್ನು ಹೊರತೆಗೆದು ಮೂಗಿನ ಹತ್ತಿರ ಹಿಡಿದೆ. ಸಾಸಿವೆ, ಇಂಗು. ಅದು ಮನೆಯ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ. ಬಾಯಂಚಿನಲ್ಲಿ ಉಳಿದಿದ್ದ ಎಣ್ಣೆ ಇಳಿದು ಪಟ್ಟಿಗೆ ಹತ್ತಿತ್ತು, ಎಣ್ಣೆ ಕುಡಿದ ನಾರಿಗೆ ನೀರು ಬೇಡವಾಗಿತ್ತು. ನಾವು ಮೆಚ್ಚಿದ್ದು ಸತ್ತ ಪಟ್ಟಿಯ ಸ್ಥಿರತೆಯನ್ನು.

ನಿಮಗೆ ಇದರಲ್ಲಿ ಪಾಠವೇನಾದರೂ ಇದ್ದರೆ ನೀವೇ ತೆಗೆದುಕೊಳ್ಳಿ. ನಾನು ಮುಂದೆ ಹೋಗುತ್ತೇನೆ, ಏಕೆಂದರೆ ಐತ್ತಪ್ಪಣ್ಣ ಬಾಗಿಲಲ್ಲಿ ನಿಂತಿದ್ದಾರೆ.

ಐತ್ತಪ್ಪ ಕಡಬದ ಕಡೆಯ ಒಂದು ಖಾಸಗಿ ರಬ್ಬರ್ ತೋಟದಲ್ಲಿ ಟ್ಯಾಪಿಂಗ್, ಎಂದರೆ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಕೆಲಸ, ಮಾಡುವವರು. ಬೈಕ್ ಅಪಘಾತದಲ್ಲಿ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕೃತಕ ಕಾಲು ಕಟ್ಟಿಕೊಂಡು ಮತ್ತೆ ಅದೇ ಗುಡ್ಡ ಹತ್ತುತ್ತಿದ್ದರು. ಸುಳ್ಯದಲ್ಲಿ ಅವರನ್ನು ನೋಡುತ್ತಿದ್ದ ಡಾಕ್ಟರು ನನ್ನ ಭಾಷಣವೊಂದನ್ನು ಎಲ್ಲೋ ಕೇಳಿದ್ದವರು, ಅವರೇ ಕಳಿಸಿದ್ದು. ಐತ್ತಪ್ಪ ಸ್ಟೂಲಿನ ಮೇಲೆ ಕೂತು, ಕಾಲು ಬಿಚ್ಚಿ, ನನ್ನ ಭರಣಿಗಳ ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿದರು.

“ಮೇಡಂ, ಡಾಕ್ಟ್ರು ಹೇಳಿದ್ರು, ನಿಮ್ಮತ್ರ ಚಂಡಿ ಹಿಡಿಯುವ ಕಾಗದ ಉಂಟಂತೆ.”

ಚಂಡಿ ಎಂದರೆ ನಮ್ಮ ಕಡೆ ಒದ್ದೆ. ಆರ್ದ್ರತೆ ಎಂದು ಎಷ್ಟೋ ಪುಟ ಬರೆದಿದ್ದ ನನಗೆ ಆ ಪದ ಬೆನ್ನಿಗೆ ತಣ್ಣನೆಯ ಅಂಗಿ ಅಂಟಿದ ಹಾಗೆ ಅನಿಸಿತು.

“ಕಾಗದ ಅಲ್ಲ, ಪಟ್ಟಿ. ಹಿಡಿಯುದೂ ಅಲ್ಲ, ಎಷ್ಟು ಚಂಡಿ ಉಂಟು ಅಂತ ಹೇಳ್ತದೆ.”

“ಹೇಳಿದ್ರೆ ಸಾಕು. ನನಗೆ ಅದೇ ಗೊತ್ತಾಗುದಿಲ್ಲ ಅಲ್ವಾ?”

ಅವರ ತೊಂದರೆ ಹೀಗಿತ್ತು. ಕಾಲಿನ ಉಳಿದ ತುದಿ ಕೃತಕ ಕಾಲಿನ ಬಟ್ಟಲಿನಲ್ಲಿ ಕೂರುತ್ತದೆ. ನಡೆದರೆ ಒಳಗೆ ಬೆವರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆಗಾಗ ಬಿಚ್ಚಿ ಒರೆಸಿಕೊಳ್ಳದಿದ್ದರೆ ಚರ್ಮ ಮೆತ್ತಗಾಗಿ ಹುಣ್ಣಾಗುತ್ತದೆ. ಆದರೆ ಅಪಘಾತದ ಬಳಿಕ ಆ ಚರ್ಮಕ್ಕೆ ಸ್ಪರ್ಶವೇ ಇರಲಿಲ್ಲ, ಒದ್ದೆಯಾದದ್ದು ಗೊತ್ತಾಗುತ್ತಿದ್ದದ್ದು ಹುಣ್ಣಾದ ಮೇಲೆ. ಹಿಂದಿನ ಮಳೆಗಾಲದಲ್ಲಿ ಆಗಿತ್ತು. ಇನ್ನೊಮ್ಮೆ ಆದರೆ ಮೊಣಕಾಲನ್ನೂ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು.

“ಮೊಣಕಾಲು ಹೋದ್ರೆ ಗುಡ್ಡ ಹತ್ತುದು ಹೇಗೆ ಮೇಡಂ? ಮರ ನನ್ನ ಹತ್ರ ಬರುದಿಲ್ಲ.”

“ಮಳೆಗಾಲದಲ್ಲಿ ರಜೆ ಮಾಡ್ಲಿಕ್ಕೆ ಆಗುದಿಲ್ವಾ?”

“ರೈನ್ ಗಾರ್ಡ್ ಕಟ್ಟಿದ ಮೇಲೆ ಮರಕ್ಕೆ ರಜೆ ಇಲ್ಲ. ನಾನು ಹೋಗದಿದ್ರೆ ರೈಟರು ನನ್ನ ಮರಗಳನ್ನು ಬೇರೆಯವರಿಗೆ ಕೊಡ್ತಾರೆ. ಒಮ್ಮೆ ಕೊಟ್ಟದ್ದು ತಿರುಗಿ ಬರುದುಂಟಾ?”

ರೈನ್ ಗಾರ್ಡ್ ಎಂದರೆ ಗಾಯದ ಪಟ್ಟೆಯ ಮೇಲೆ ಮಳೆನೀರು ಬೀಳದಂತೆ ಮರಕ್ಕೆ ಉಡಿಸುವ ಪ್ಲಾಸ್ಟಿಕ್ ಲಂಗ. ರೈಟರು ಎಂದರೆ ತೋಟದ ಮೇಲ್ವಿಚಾರಕರು. ಶೆಟ್ರು ಹಿಂದಿನಿಂದ ಬಂದು ಮೇಜಿನ ಮೇಲೆ ನಿಂತಿದ್ದ ಕಾಲನ್ನೂ ನನ್ನನ್ನೂ ನೋಡಿದರು. ಇದು ಯಾರಿಗೆ ಬೇಕು ಎಂದು ಆ ದಿನ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

ಬಟ್ಟಲಿನ ಒಳಮೈಗೆ ಅಂಟಿ ಬಾಗಬಲ್ಲ ಪಟ್ಟಿ, ಅದರಿಂದ ಸೊಂಟದ ಬೆಲ್ಟಿಗೆ ಒಂದು ತಂತಿ, ಬೆಲ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಒಳಗೆ ತೇವ ಮಿತಿಮೀರಿದರೆ ಡಬ್ಬಿ ಕೂಗಬೇಕು. ಐತ್ತಪ್ಪ ಕೂತು, ಕಾಲು ಬಿಚ್ಚಿ, ಒರೆಸಿ, ಕಾಲುಚೀಲ ಬದಲಿಸಬೇಕು. ಯಾವಾಗ ಕೂಗಿತು ಎಂದು ಲೆಕ್ಕ ಇಟ್ಟುಕೊಳ್ಳುವ ಚಿಪ್ ಹಾಕಲಿಲ್ಲ. ನಮಗೆ ಅಂಕಿಸಂಖ್ಯೆ ಬೇಕಿರಲಿಲ್ಲ, ಕೂಗು ಬೇಕಿತ್ತು.

ಕೂಗಿತು. ಕಡಬದಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ. ತಿರುವಿನಲ್ಲಿ ತಂತಿ ಕಿತ್ತುಬಂತು. ತಂತಿ ಕಡಿದರೆ ವಿದ್ಯುತ್ತಿಗೆ ದಾರಿಯೇ ಇಲ್ಲ, ನಮ್ಮ ಡಬ್ಬಿಯ ಬುದ್ಧಿಗೆ ಅದು ಮಹಾಪ್ರವಾಹ. ನಿಲ್ಲದೆ ಕಿರುಚತೊಡಗಿತು.

“ಯಾರ ಮೊಬೈಲ್ ಮಾರಾಯ್ರೆ ಅದು? ಬಂದ್ ಮಾಡಿ!” ಎಂದರಂತೆ ಕಂಡಕ್ಟರ್.

“ಮೊಬೈಲ್ ಅಲ್ಲ, ನನ್ನ ಕಾಲು.”

“ಕಾಲಾ?”

“ಚಂಡಿ ಆಗಿದೆ ಹೇಳಿ ಕೂಗುದು.”

ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದಕ್ಕೆ ಹೋದರಂತೆ. ಈ ಬಸ್ಸಿನಲ್ಲಿ ನಾನಿರಲಿಲ್ಲ, ಐತ್ತಪ್ಪ ಹೇಳಿದ್ದಷ್ಟೇ ಗೊತ್ತು. ಆದರೂ ನೆನಪಿನಲ್ಲಿ ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೇನೆ, ಕಂಡಕ್ಟರನ ಚೀಲದ ಬಣ್ಣ ಕೂಡ ಗೊತ್ತು. ನೋಡಿ, ನೆನಪು ಎಂಥ ಸುಳ್ಳುಗಾರ.

“ಕಡಿದ್ರೆ ಸುಮ್ಮನಿರುವ ಹಾಗೆ ಮಾಡಿ ಮೇಡಂ. ಮಾನ ಹೋಯ್ತು” ಎಂದರು ಐತ್ತಪ್ಪ.

ನಾನು ಮಾಡಿಕೊಟ್ಟೆ. ತಂತಿ ಕಡಿದರೆ ಡಬ್ಬಿ ಮೌನ. ಹಾಗಾದರೆ ಡಬ್ಬಿ ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಕೆಂಪು ಗುಂಡಿಯನ್ನೂ ಕೂರಿಸಿದೆ. ಒತ್ತಿದರೆ ಕೂಗುತ್ತದೆ, ಬೆಳಿಗ್ಗೆ ಹೊರಡುವ ಮೊದಲು ಒಮ್ಮೆ ಒತ್ತಿ ನೋಡಿ ಎಂದೆ. ಆ ಗುಂಡಿ ಪರೀಕ್ಷಿಸುತ್ತಿದ್ದದ್ದು ಬ್ಯಾಟರಿಯನ್ನು ಮತ್ತು ಕೂಗನ್ನು ಮಾತ್ರ. ಪಟ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಈ ವಿವರವನ್ನು ನೆನಪಿಟ್ಟುಕೊಳ್ಳಿ.

ಒಂದು ದಿನ ತೋಟಕ್ಕೆ ನಾನೇ ಹೋದೆ. ಮಳೆ ಬಿಟ್ಟು ಹೊಳವಾಗಿತ್ತು. ಐತ್ತಪ್ಪ ಮರದಿಂದ ಮರಕ್ಕೆ ಹೋಗಿ ಕತ್ತಿಯಿಂದ ತೆಳುವಾಗಿ ತೊಗಟೆ ಕೆತ್ತುತ್ತಿದ್ದರು, ಬಿಳಿ ಹಾಲು ಗೆರೆ ಹಿಡಿದು ಕರಟಕ್ಕೆ ಇಳಿಯುತ್ತಿತ್ತು. ಡಬ್ಬಿ ಕೂಗಿತು. ಅವರು ಕಲ್ಲಿನ ಮೇಲೆ ಕೂತು ಕಾಲು ಬಿಚ್ಚಿದರು. ಅಷ್ಟರಲ್ಲಿ ಕೊಡೆ ಹಿಡಿದುಕೊಂಡು ರೈಟರ್ ಕುಶಾಲಪ್ಪ ಬಂದರು.

“ಎಂತ ಐತ್ತಪ್ಪ, ಈಗಲೇ ಕೂತದ್ದಾ? ಅರ್ಧ ಸಾಲು ಆಗಲಿಲ್ಲ.”

“ನಾನಲ್ಲ ರೈಟರೇ, ಮೆಶಿನ್ ಹೇಳ್ತದೆ.”

“ಹೋದ ವರ್ಷ ಕಾಲು ನೋವು ಹೇಳಿದಿ. ಈಗ ಮೆಶಿನ್ ಹೇಳ್ತದೆ ಹೇಳ್ತಿ.”

“ಹೋದ ವರ್ಷ ಹೇಳಿದ್ದನ್ನು ನೀವು ನಂಬಿದ್ರಾ?”

ಕುಶಾಲಪ್ಪ ನನ್ನ ಕಡೆ ತಿರುಗಿದರು. “ಹೌದಾ ಮೇಡಂ? ಕೂಗಿದ್ರೆ ಕೂರ್ಲೇಬೇಕಾ?”

“ಕೂರಲೇಬೇಕು. ಇಲ್ಲದಿದ್ರೆ ಮೊಣಕಾಲು ಹೋಗ್ತದೆ.”

ಅವರು ಡಬ್ಬಿಯನ್ನು ದಿಟ್ಟಿಸಿ ನೋಡಿದರು. “ಹಾಗಾದ್ರೆ ಕೂರ್ಲಿ. ಇವನಿಗೆ ಬೈಬಹುದು, ಮೆಶಿನಿಗೆ ಬೈಲಿಕ್ಕೆ ಆಗ್ತದಾ?”

ವಾಪಸು ಬರುವಾಗ ಉಪ್ಪಿನಂಗಡಿಯಲ್ಲಿ ಚಹಾ ಕುಡಿಯುತ್ತ ನಾನು ಗೆದ್ದವಳ ಹಾಗೆ ಕೂತಿದ್ದೆ. ಆದರೆ ಮಳೆ ಜೋರಾದ ಮೇಲೆ ನಮ್ಮ ಪಟ್ಟಿಯ ಹಳೆಯ ರೋಗ ಹೊರಗೆ ಬಂತು. ತೇವಕ್ಕೆ ಪಟ್ಟಿಯ ಅಳತೆ ಏರುತ್ತದೆ, ಒಣಗಿದರೂ ಇಳಿಯುವುದಿಲ್ಲ. ಒರೆಸಿ ಕಟ್ಟಿಕೊಂಡ ಮೇಲೂ ಕೂಗು ನಿಲ್ಲುತ್ತಿರಲಿಲ್ಲ. ಐತ್ತಪ್ಪ ಮತ್ತೆ ಮತ್ತೆ ಕೂತರು, ಹಾಲು ಸಂಗ್ರಹಿಸುವುದು ತಡವಾಯಿತು, ಕುಶಾಲಪ್ಪನವರಿಗೆ ತಾಳ್ಮೆ ತಪ್ಪಿತು. ಮೆಶಿನ್ ಸರಿಯಾಗುವವರೆಗೆ ಮರಗಳನ್ನು ಬೇರೆಯವರು ನೋಡಿಕೊಳ್ಳಲಿ ಎಂಬ ಮಾತು ಬಂತು. ಡಬ್ಬಿ ತೆಗೆದಿಟ್ಟರೆ ಹುಣ್ಣು, ಇಟ್ಟುಕೊಂಡರೆ ಕೆಲಸ ಇಲ್ಲ. ಫೋನಿನಲ್ಲಿ ಐತ್ತಪ್ಪ ಕೇಳಿದ್ದು ಒಂದೇ ಮಾತು: “ಇದು ಇಳಿಯುದು ಯಾವಾಗ ಮೇಡಂ?” ಪಟ್ಟಿ ತನ್ನಿ, ಬೇರೆ ಹಾಕಿಕೊಡುತ್ತೇನೆ ಎಂದೆ.

ಅವರು, ಹೆಂಡತಿ ಲೀಲಾವತಿ, ಇಬ್ಬರೂ ಬಂದರು. ಪಟ್ಟಿ ನೋಡಿ ನನಗೆ ಗುರುತೇ ಸಿಗಲಿಲ್ಲ. ಕಪ್ಪು ಹೋಗಿ ಕಂದು ಹೊಳಪು ಬಂದಿತ್ತು, ಹೊಗೆ ವಾಸನೆ.

“ಇದಕ್ಕೆ ಎಂತ ಆಯ್ತು ಐತ್ತಪ್ಪಣ್ಣ?”

“ಬಿಸಿಲಿಗೆ ಇಟ್ಟಿದ್ದೆ ಮೇಡಂ.”

“ಈ ತಿಂಗಳಲ್ಲಿ ಬಿಸಿಲು ಎಲ್ಲಿ ಕಂಡ್ರಿ?”

ಲೀಲಾವತಿ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದರು. “ಸುಳ್ಳು ಹೇಳ್ತಾರೆ ಮೇಡಂ. ನಾನೇ ತೊಳೆದದ್ದು. ರಬ್ಬರ್ ಹಾಲು, ಬೆವರು ಎಲ್ಲ ಸೇರಿ ಹುಳಿ ನಾತ. ಕಾಲುಚೀಲದ ಒಟ್ಟಿಗೆ ಸಾಬೂನು ಹಾಕಿ ತಿಕ್ಕಿದೆ. ಒಣಗ್ಲಿಕ್ಕೆ ಶೀಟಿನ ಗೂಡಿನಲ್ಲಿ ಹಾಕಿದೆ. ಮಳೆಗಾಲದಲ್ಲಿ ನಾವು ಎಲ್ಲ ಅಲ್ಲೇ ಹಾಕುದು.”

“ತಂತಿ ಸಮೇತವಾ?”

“ತಂತಿ ಬೇರೆ ತೆಗೆದು ಒಣಗಿಸ್ಬೇಕಿತ್ತಾ?”

ಶೀಟಿನ ಗೂಡು ಎಂದರೆ ಹಾಳೆ ಮಾಡಿದ ರಬ್ಬರನ್ನು ದಿನಗಟ್ಟಲೆ ನೇತುಹಾಕಿ ಹೊಗೆ ಕೊಡುವ ಕೋಣೆ. ರಬ್ಬರ್ ಬೆಳೆಯುವ ಊರಿನಲ್ಲಲ್ಲದೆ ಬೇರೆಲ್ಲಿಯೂ ಯಾರಿಗೂ ಈ ತಪ್ಪು ಮಾಡುವ ಅವಕಾಶವೇ ಇಲ್ಲ. ನಾನು ಆ ಪಟ್ಟಿಯನ್ನು ಎಸೆಯುವ ಮೊದಲು, ಸುಮ್ಮನೆ, ಹೆಚ್ಚು ತೇವದ ಉಪ್ಪುನೀರಿನ ಭರಣಿಗೆ ಹಾಕಿದೆ. ಏರಿತು. ಕಡಿಮೆ ತೇವದ ಭರಣಿಗೆ ಬದಲಿಸಿದೆ. ಇಳಿಯಿತು. ಮತ್ತೆ ಹಾಕಿದೆ. ಏರಿತು, ಇಳಿಯಿತು. ಮೂಸಿಯೂ ನೋಡಿದೆ, ಉಪ್ಪಿನಕಾಯಿ ವಾಸನೆ ಇರಲಿಲ್ಲ. ಶೆಟ್ರು ಕನ್ನಡಕ ಹಣೆಗೇರಿಸಿ ನಿಂತರು.

“ಹಪ್ಪಳ ಕಡೆಗೂ ಸುಟ್ಟಾಯ್ತು ಮಾರಾಯ್ತಿ.”

ಅದೇ ಪಟ್ಟಿಯನ್ನು ಮತ್ತೆ ಬಟ್ಟಲಿಗೆ ಅಂಟಿಸಿ ಕಳಿಸಿದೆ.

ಇಲ್ಲಿಗೆ ನನ್ನ ಸೆಮಿನಾರಿನ ಕಥೆ ಮುಗಿಯುತ್ತಿತ್ತು, ಹೊಗೆ ಎಂಬ ಪದದ ಮೇಲೆ. ಆದರೆ ಆಮೇಲೆ ನಡೆದದ್ದು ಅಷ್ಟು ಅಂದವಾಗಿಲ್ಲ. ಹೊಸ ಹಾಳೆಗಳನ್ನು ಮಾಡಿ ರಬ್ಬರ್ ಕಟ್ಟಿಗೆಯ ಹೊಗೆ ಕೊಟ್ಟೆ, ತೆಂಗಿನ ಸಿಪ್ಪೆಯ ಹೊಗೆ ಕೊಟ್ಟೆ, ಹಸಿ ಸೌದೆಯ ಹೊಗೆಯನ್ನೂ ಕೊಟ್ಟೆ. ನನ್ನ ಸೀರೆಗಳ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಕೆಲವು ಪಟ್ಟಿಗಳು ಇಳಿದವು, ಕೆಲವು ಇಳಿಯಲಿಲ್ಲ. ಹೊಗೆ ಕೊಡದೆ ಬರೀ ಸಾಬೂನಿನಲ್ಲಿ ತೊಳೆದವುಗಳಲ್ಲೂ ಕೆಲವು ಇಳಿದವು. ತೊಳೆದಾಗ ಹೆಚ್ಚಿನ ಗ್ಲಿಸರಿನ್ ಹೋಗುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುವುದು ಗ್ಲಿಸರಿನ್ನಿನ ಗುಣ, ಆದ್ದರಿಂದ ಅದೂ ಕಾರಣವಿರಬಹುದು. ಅಥವಾ ಮೊದಲು ತೊಳೆದು ಆಮೇಲೆ ಹೊಗೆ ಕೊಡುವ ಕ್ರಮವೇ ಮುಖ್ಯವಿರಬಹುದು. ಅಥವಾ ಆ ಒಂದು ಹಾಳೆಯ ಬಾಳೆದಿಂಡು ಬೇರೆ ಜಾತಿಯದ್ದಿರಬಹುದು. ಸೌದೆ ಯಾವುದು ಹಾಕಿದ್ದಿರಿ ಎಂದು ಲೀಲಾವತಿಯವರನ್ನು ಕೇಳಿದರೆ, “ಸಿಕ್ಕಿದ್ದು” ಎಂದರು.

ನೀವು ಕೆಲಸ ಮಾಡುವಾಗ ಕೈಯಲ್ಲಿ ಮೀಟರ್ ಹಿಡಿದು ಕೂರಬೇಕಾಗಿಲ್ಲ. ನಾನು ಕೆಲಸ ಬಿಡುವ ಹೊತ್ತಿಗೇ ಪುಟ್ಟ ಚಿಪ್‌ಗಳು ಕ್ಷಣಕ್ಷಣದ ಲೆಕ್ಕವನ್ನೂ ಫೋನಿಗೆ ಕಳಿಸುತ್ತಿದ್ದವು. ಒಳ್ಳೆಯದೇ. ಆದರೂ ಪಟ್ಟಿಯನ್ನು ಒಮ್ಮೆ ಮೂಸಿ ನೋಡಿ.

ಮಳೆಗಾಲ ಮುಗಿಯಿತು. ಐತ್ತಪ್ಪನವರ ಕಾಲಿಗೆ ಹುಣ್ಣಾಗಲಿಲ್ಲ. ಡಾಕ್ಟರು ಚರ್ಮ ನೋಡಿ ಮೊಣಕಾಲಿಗೆ ಭಯವಿಲ್ಲ ಎಂದರು. ಮರಗಳು ಅವರ ಕೈಯಲ್ಲೇ ಉಳಿದವು. ಹೊಸ ಪಟ್ಟಿ ಬೇಕೆಂದು ಅವರು ಪುತ್ತೂರಿಗೆ ಬಂದಾಗ ನಾನು ಹಳೆಯದನ್ನು ಬಿಡಿಸಿ ನೋಡಿದೆ. ಪಟ್ಟಿ ಚೆನ್ನಾಗಿಯೇ ಇತ್ತು. ಅದಕ್ಕೆ ಅಂಟಿದ್ದ ತಂತಿ ಬಟ್ಟಲಿನ ಅಂಚಿನ ಒಳಗೆ ಬಾಗುವ ಜಾಗದಲ್ಲಿ ಕಡಿದಿತ್ತು. ಕಡಿದ ಎರಡೂ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ನಿನ್ನೆ ಮೊನ್ನೆ ಕಡಿದದ್ದಲ್ಲ.

“ಇದು ಎಷ್ಟು ದಿನದಿಂದ ಕೂಗುದಿಲ್ಲ ಐತ್ತಪ್ಪಣ್ಣ?”

“ಎಂತ ಹೇಳ್ತೀರಿ ಮೇಡಂ? ದಿನಾ ಕೂಗಿದೆ.”

“ತಂತಿ ಕಡಿದಿದೆ.”

“ರೈಟರನ್ನು ಕೇಳಿ. ಅವರೇ ದೂರದಿಂದ ಕೇಳಿ ಹೇಳುದು, ಐತ್ತಪ್ಪ ಕೂತ್ಕೊ, ಮೆಶಿನ್ ಕೂಗ್ತದೆ ಹೇಳಿ.”

ಡಬ್ಬಿ ಕೈಗೆತ್ತಿಕೊಂಡೆ. ಕೆಂಪು ಗುಂಡಿಯ ಬಣ್ಣ ಸವೆದು ಬಿಳಿಯಾಗಿತ್ತು, ಸುತ್ತ ಒಣಗಿದ ರಬ್ಬರ್ ಹಾಲಿನ ಪದರದಲ್ಲಿ ಹೆಬ್ಬೆರಳಿನ ಗುರುತು. ಆದರೆ ದಿನಾ ಬೆಳಿಗ್ಗೆ ಒತ್ತಿ ಎಂದು ಹೇಳಿದ್ದು ನಾನೇ. ಬೆಳಿಗ್ಗೆ ಒಮ್ಮೆ ಒತ್ತಿದರೂ ಅಷ್ಟು ಸವೆಯುತ್ತದೆಯೇ? ಸವೆಯಬಹುದು, ಅಗ್ಗದ ಗುಂಡಿ.

“ಈ ಗುಂಡಿ ನೀವು ಒತ್ತುತ್ತಿದ್ರಾ? ಕೂರ್ಬೇಕು ಅನಿಸಿದಾಗ?”

ಅವರು ಕಾಲುಚೀಲದ ಸುಕ್ಕು ಬಿಡಿಸುತ್ತಿದ್ದರು.

“ಒತ್ತಿದ್ರೂ ಕೂಗಿದ್ದು ಅದೇ ಅಲ್ವಾ ಮೇಡಂ?”

ನಕ್ಕರು. ಹೊಸ ಪಟ್ಟಿ ಕಟ್ಟಿಸಿಕೊಂಡು, ಮೇಜಿಗೆ ಕೈಯೂರಿ ಎದ್ದು, ಮೆಟ್ಟಿಲು ಇಳಿದು ಬಸ್ಸಿಗೆ ಹೋದರು. ವರದಿಯಲ್ಲಿ ಏನು ಬರೆಯುವುದು ಎಂದು ಶೆಟ್ರನ್ನು ಕೇಳಿದೆ. ಅವರು ಕಿಲುಬು ಹಿಡಿದ ತಂತಿಯನ್ನು ಬೆಳಕಿಗೆ ಹಿಡಿದು ನೋಡಿ, “ಕಂಡದ್ದು ಬರೀರಿ ಮಾರಾಯ್ತಿ. ತಂತಿ ಕಡಿದಿತ್ತು, ಕಾಲು ಚೆನ್ನಾಗಿತ್ತು” ಎಂದರು. ಹಾಗೆಯೇ ಬರೆದೆ.

ಲೆಕ್ಕ ಇಡುವ ಚಿಪ್ ಹಾಕಿದ್ದರೆ ಗೊತ್ತಾಗುತ್ತಿತ್ತು. ಹಾಕಿರಲಿಲ್ಲ. ಹೊಗೆಯೋ ಸಾಬೂನೋ, ಗೊತ್ತಿಲ್ಲ. ತಂತಿ ಯಾವ ದಿನ ಕಡಿಯಿತು, ಗೊತ್ತಿಲ್ಲ. ಆ ಮಳೆಗಾಲದಲ್ಲಿ ಐತ್ತಪ್ಪನವರ ಮೊಣಕಾಲನ್ನು ಉಳಿಸಿದ್ದು ಬಾಳೆನಾರಿನ ಪಟ್ಟಿಯೋ, ಕೆಂಪು ಗುಂಡಿಯೋ, ಅದೂ ನನಗೆ ಗೊತ್ತಿಲ್ಲ.